ಒರೆ ಮೊದಲು, ಪಿಸ್ತೂಲು ಆಮೇಲೆ

(ಡಲ್ಲಾಸ್ ಸುತ್ತಮುತ್ತಲಿನ ಕನ್ನಡಿಗರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತಿನೊಳಗೇ ಸೇರಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಈ ಮೇಜಿನ ಮೇಲೆ ಆರು ಹೋಲ್‌ಸ್ಟರ್‌ಗಳಿವೆ, ಅಂದರೆ ಪಿಸ್ತೂಲನ್ನು ಮೈಮೇಲೆ ಇಟ್ಟುಕೊಳ್ಳುವ ಒರೆಗಳು; ದಪ್ಪನೆಯ ಒಂದು ಬೆಲ್ಟ್ ಇದೆ, ನನ್ನ ಹಳೆಯ ಜರ್ಕಿನ್ ಇದೆ. ಪಿಸ್ತೂಲು ಮಾತ್ರ ಇಲ್ಲ. ಮುಂದಿನ ಸಾಲಿನಲ್ಲಿ ಕುಳಿತಿರುವ ಯುವಕರೊಬ್ಬರು ಒಳಗೆ ಬಂದ ಕೂಡಲೇ "ಮೇಡಂ, ಪಿಸ್ತೂಲು ಎಲ್ಲಿ?" ಎಂದು ಕೇಳಿದರು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಈಗ ಈ ಖಾಲಿ ಹೋಲ್‌ಸ್ಟರ್‌ಗಳ ಬಗ್ಗೆ ಮಾತಾಡೋಣ, ಏಕೆಂದರೆ ಇವುಗಳ ಬಗ್ಗೆ ಯಾರೂ ಕೇಳುವುದಿಲ್ಲ.

ವಾರಾಂತ್ಯಗಳಲ್ಲಿ ಹೊಸಬರಿಗೆ ಪಿಸ್ತೂಲು ಹಿಡಿಯುವುದನ್ನು ಕಲಿಸಲು ತೊಡಗಿ ಎಂಟು ವರ್ಷವಾಯಿತು. ಬರುವವರೆಲ್ಲರ ಮೊದಲ ಪ್ರಶ್ನೆ ಒಂದೇ: "ಯಾವ ಪಿಸ್ತೂಲು ಕೊಳ್ಳಲಿ?" ತಿಂಗಳುಗಟ್ಟಲೆ ವಿಡಿಯೊ ನೋಡಿ, ನೂರಾರು ಡಾಲರ್ ಕೊಟ್ಟು ಪಿಸ್ತೂಲು ಕೊಂಡವರು ಅದನ್ನು 15 ಡಾಲರ್‌ನ ಬಟ್ಟೆಯ ಚೀಲದೊಳಗೆ ತುರುಕಿಕೊಂಡು ತರಗತಿಗೆ ಬರುತ್ತಾರೆ. ಅದನ್ನು ನೋಡಿದಾಗಲೆಲ್ಲ ನನ್ನ ಎದೆ ಒಂದು ಕ್ಷಣ ಧಸಕ್ಕೆನ್ನುತ್ತದೆ. ಇವತ್ತು ನಾನು ಹೇಳಬೇಕಾಗಿರುವುದು ಇಷ್ಟೇ: ದಿನವೂ ಬಟ್ಟೆಯ ಮರೆಯಲ್ಲಿ ಪಿಸ್ತೂಲು ಇಟ್ಟುಕೊಳ್ಳುವವರು ಮೊದಲು ಆರಿಸಬೇಕಾದದ್ದು ಹೋಲ್‌ಸ್ಟರ್. ಅದರೊಳಗೆ ಯಾವ ಪಿಸ್ತೂಲು ಎಂಬುದು ಎರಡನೆಯ ಮಾತು.

ನಾನು ಕೊಡಗಿನವಳು. ಮನೆಯಲ್ಲಿ ಕೋವಿ ಇತ್ತು. ನಮ್ಮ ಕಡೆ ಅದೇನೂ ವಿಶೇಷವಲ್ಲ. ಕೊಡವರ ಆಯುಧಪೂಜೆಯಾದ ಕೈಲ್‌ಪೊಳ್ದ್ ಹಬ್ಬದ ದಿನ ಕೋವಿಯನ್ನು ಒರೆಸಿ, ನಳಿಗೆಯ ಬಾಯಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಿದ್ದೆವು. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ರೂಢಿ. ಗುಡ್ಡದಾಚೆಯವರು ಸದ್ದನ್ನು ಎಣಿಸಿಯೇ ಸುದ್ದಿ ತಿಳಿಯುತ್ತಿದ್ದರು. ಅಂದರೆ ನಾನು ಕಂಡ ಕೋವಿ ಎಲ್ಲರಿಗೂ ಕಾಣುವ, ಎಲ್ಲರಿಗೂ ಕೇಳುವ ವಸ್ತು. ಅಜ್ಜ ಅದನ್ನು ಗೋಡೆಯಿಂದ ಇಳಿಸಿದರೆ ಅಡುಗೆಮನೆಯವರೆಗೂ ಗೊತ್ತಾಗುತ್ತಿತ್ತು. ಇಲ್ಲಿ ಟೆಕ್ಸಸ್‌ನಲ್ಲಿ ನಾವು ಮಾತಾಡುತ್ತಿರುವ ಪಿಸ್ತೂಲು ಅದಕ್ಕೆ ತದ್ವಿರುದ್ಧ. ಅದು ಯಾರಿಗೂ ಕಾಣಬಾರದು. ಬೆಳಗಿನಿಂದ ಸಂಜೆಯವರೆಗೆ ಮೈಗೆ ಅಂಟಿಕೊಂಡೇ ಇರಬೇಕು. ಕಾರು ಓಡಿಸುವಾಗ, ತರಕಾರಿ ಆರಿಸುವಾಗ, ಬಗ್ಗಿ ಮಗುವಿನ ಬೂಟಿನ ಲೇಸು ಕಟ್ಟುವಾಗ ಅದರೊಳಗೆ ಗುಂಡು ತುಂಬಿರುತ್ತದೆ. ಗೋಡೆಯ ಕೋವಿಗೆ ಇಲ್ಲದ ಅಪಾಯ ಇದಕ್ಕಿದೆ. ಆ ಅಪಾಯವನ್ನು ದಿನವಿಡೀ ತಡೆದು ನಿಲ್ಲಿಸುವ ವಸ್ತು ಹೋಲ್‌ಸ್ಟರ್ ಒಂದೇ.

ಆದರೆ ಅದಕ್ಕೂ ಮುಂಚೆ ಒಂದು ಮಾತನ್ನು ಖಡಾಖಂಡಿತವಾಗಿ ಹೇಳಬೇಕು, ಏಕೆಂದರೆ ನಮ್ಮವರಲ್ಲಿ ಇದು ತಿಳಿಯದವರು ಬಹಳ. ಎಚ್-1ಬಿ, ಎಲ್-1 ಎಂಬ ಕೆಲಸದ ವೀಸಾ, ಎಚ್-4 ಎಂಬ ಅವಲಂಬಿತರ ವೀಸಾ, ಎಫ್-1 ಎಂಬ ವಿದ್ಯಾರ್ಥಿ ವೀಸಾ, ಪ್ರವಾಸಿ ವೀಸಾ, ಇವುಗಳಲ್ಲಿ ಯಾವುದರ ಮೇಲೆ ನೀವಿದ್ದರೂ ಅಮೆರಿಕದ ಒಕ್ಕೂಟ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಬಂದೂಕನ್ನಾಗಲಿ, ಗುಂಡನ್ನಾಗಲಿ ಹೊಂದುವಂತಿಲ್ಲ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ವರ್ಷ ದಾಟಿದ ಅರ್ಹರು ಪರವಾನಗಿಯಿಲ್ಲದೆಯೇ ಪಿಸ್ತೂಲು ಒಯ್ಯಬಹುದು ಎಂಬ ಸುದ್ದಿ ಕೇಳಿ "ಹಾಗಾದರೆ ನಾವೂ ಕೊಳ್ಳಬಹುದು" ಎಂದುಕೊಂಡವರನ್ನು ನಾನು ಕಂಡಿದ್ದೇನೆ. ರಾಜ್ಯದ ಆ ಕಾನೂನು ಒಕ್ಕೂಟದ ನಿಷೇಧವನ್ನು ತೆಗೆದುಹಾಕುವುದಿಲ್ಲ. ಬೇಟೆಯ ಪರವಾನಗಿ ಇರುವವರಿಗೆ ಒಂದು ವಿನಾಯಿತಿ ಇದೆ. ವಲಸೆ ಕಾನೂನು ಬಲ್ಲ ವಕೀಲರನ್ನು ಕೇಳದೆ ಅದನ್ನು ನಂಬಿಕೊಂಡು ಮುಂದೆ ಹೋಗಬೇಡಿ. ಅಂಗಡಿಯಲ್ಲಿ ತುಂಬಿಸುವ 4473 ಎಂಬ ನಮೂನೆಯಲ್ಲಿ ನಿಮ್ಮ ಪೌರತ್ವದ ಬಗ್ಗೆ, ವೀಸಾ ಬಗ್ಗೆ ನೇರ ಪ್ರಶ್ನೆಗಳಿವೆ. ತಿಳಿದೂ ಸುಳ್ಳು ಬರೆದರೆ ಅದು ಗಂಭೀರ ಅಪರಾಧ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಆದರೆ ಬಂದೂಕಿಗೆ ಸಂಬಂಧಪಟ್ಟ ಅಪರಾಧ ಸಾಬೀತಾದರೆ ಗ್ರೀನ್ ಕಾರ್ಡ್ ಇದ್ದವರನ್ನೂ ಗಡೀಪಾರು ಮಾಡಲು ಅವಕಾಶವಿದೆ. ಹತ್ತು ಹದಿನೈದು ವರ್ಷ ಕಾದು ಪಡೆದ ಕಾಗದ ಅದು.

ಊರಿನಿಂದ ಬಂದ ಅಪ್ಪ-ಅಮ್ಮ ಆರು ತಿಂಗಳು ನಿಮ್ಮ ಮನೆಯಲ್ಲಿರುತ್ತಾರಲ್ಲವೇ? ಅವರು ಪ್ರವಾಸಿ ವೀಸಾದಲ್ಲಿರುವವರು. ಪಿಸ್ತೂಲಿನ ಪೆಟ್ಟಿಗೆಯ ಕೀಲಿಯಾಗಲಿ, ಅಂಕಿಯಾಗಲಿ ಅವರ ಕೈಗೆ ಸಿಗಬಾರದು. ಅವರನ್ನು ಖುಷಿಗೆಂದು ಶೂಟಿಂಗ್ ರೇಂಜಿಗೆ ಕರೆದೊಯ್ದು ಗುಂಡು ಹಾರಿಸಲು ಹೇಳುವುದೂ ಬೇಡ.

ಟೆಕ್ಸಸ್‌ನ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1991ರ ಅಕ್ಟೋಬರ್ 16ರಂದು ಕಿಲೀನ್ ಎಂಬ ಊರಿನ ಒಂದು ಹೋಟೆಲಿಗೆ ಟ್ರಕ್ ನುಗ್ಗಿಸಿದ ಒಬ್ಬ ವ್ಯಕ್ತಿ ಊಟಕ್ಕೆ ಕುಳಿತಿದ್ದ 23 ಜನರನ್ನು ಗುಂಡಿಕ್ಕಿ ಕೊಂದ. ಅಂದಿನ ಕಾನೂನಿನಂತೆ ಸಾಮಾನ್ಯರು ಪಿಸ್ತೂಲನ್ನು ಮೈಮೇಲೆ ಇಟ್ಟುಕೊಂಡು ಓಡಾಡುವಂತಿರಲಿಲ್ಲ. ಆ ದುರಂತದ ಸುತ್ತ ಎದ್ದ ಚರ್ಚೆ 1995ರ ಕಾನೂನಿಗೆ ದಾರಿಯಾಯಿತು; 1996ರಿಂದ ಪರವಾನಗಿ ಪಡೆದವರು ಪಿಸ್ತೂಲನ್ನು ಮರೆಯಲ್ಲಿ ಒಯ್ಯಲು ಅವಕಾಶವಾಯಿತು. 2016ರಲ್ಲಿ ಕಾಣುವಂತೆ ಒಯ್ಯುವುದಕ್ಕೂ, 2021ರಲ್ಲಿ ಪರವಾನಗಿಯಿಲ್ಲದೆ ಒಯ್ಯುವುದಕ್ಕೂ. ಹಾಗಿದ್ದರೂ ಪರವಾನಗಿ ಮಾಡಿಸಿಕೊಳ್ಳಿ ಎಂದೇ ನಾನು ಎಲ್ಲರಿಗೂ ಹೇಳುತ್ತೇನೆ. ತರಗತಿಯಲ್ಲಿ ಕುಳಿತು ಕಾನೂನು ಕೇಳಬೇಕು, ಆಮೇಲೆ 3, 7 ಮತ್ತು 15 ಗಜ ದೂರದಿಂದ 50 ಗುಂಡು ಹಾರಿಸಿ 250ಕ್ಕೆ 175 ಅಂಕ ಪಡೆಯಬೇಕು. ಕಷ್ಟದ ಪರೀಕ್ಷೆಯೇನಲ್ಲ. ಆದರೆ ಆ ಒಂದು ದಿನದ ಪಾಠವೂ ಇಲ್ಲದೆ ಗುಂಡು ತುಂಬಿದ ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಈಗ ಹೋಲ್‌ಸ್ಟರ್. ನಮ್ಮ ಭಾಷೆಯಲ್ಲಿ ಕತ್ತಿಗೆ ಒರೆ ಎಂಬ ಮಾತಿದೆ. ಒರೆ ಎಂದರೆ ಚೀಲವಲ್ಲ. ಅದು ಆ ಕತ್ತಿಯ ಅಳತೆಗೇ ಆದದ್ದು, ಬೇರೆ ಕತ್ತಿ ಅದರೊಳಗೆ ಸರಿಯಾಗಿ ಕೂರುವುದಿಲ್ಲ. ಹೋಲ್‌ಸ್ಟರನ್ನೂ ಹಾಗೆಯೇ ನೋಡಬೇಕು. "ಎಲ್ಲ ಸಣ್ಣ ಪಿಸ್ತೂಲುಗಳಿಗೂ ಆಗುತ್ತದೆ" ಎಂದು ಪ್ಯಾಕೆಟ್ಟಿನ ಮೇಲೆ ಬರೆದಿದ್ದರೆ ಅದನ್ನು ಕೆಳಗಿಡಿ.

ಇದಕ್ಕೆ ಕಾರಣ ಪಿಸ್ತೂಲಿನ ಒಳಗೇ ಇದೆ. ಹಿಂದಿನ ಕಾಲದ ಪೊಲೀಸರು ಒಯ್ಯುತ್ತಿದ್ದ ರಿವಾಲ್ವರಿನ ಟ್ರಿಗರನ್ನು ಪೂರ್ತಿ ಎಳೆಯಲು ಸುಮಾರು 5 ಕಿಲೋದಷ್ಟು ಬಲ ಬೇಕು, ಬೆರಳು ದೂರ ಸಾಗಬೇಕು. ಒರೆ ಸ್ವಲ್ಪ ಸಡಿಲವಿದ್ದರೂ ಆ ಭಾರವೇ ಕಾಪಾಡುತ್ತಿತ್ತು. 1982ರಲ್ಲಿ ಆಸ್ಟ್ರಿಯಾದ ಸೇನೆ ಗ್ಲಾಕ್ 17 ಪಿಸ್ತೂಲನ್ನು ಸ್ವೀಕರಿಸಿತು. ಅದರಲ್ಲಿ ಹೆಬ್ಬೆರಳಿನಿಂದ ಒತ್ತುವ ಸುರಕ್ಷಾ ಗುಂಡಿ ಇಲ್ಲ. ಕೆಳಗೆ ಬಿದ್ದರೆ ಗುಂಡು ಹಾರದಂತೆ ಒಳಗೆ ತಡೆಗಳಿವೆ, ಆದರೆ ಟ್ರಿಗರ್ ಒತ್ತಿದರೆ ಅವೆಲ್ಲವೂ ಒಂದೊಂದಾಗಿ ಸರಿದು ದಾರಿ ಬಿಡುತ್ತವೆ. ಒತ್ತಲು ಬೇಕಾದ ಬಲ ಹಳೆಯ ರಿವಾಲ್ವರಿನ ಸುಮಾರು ಅರ್ಧ. ಇಂದು ಅಂಗಡಿಯಲ್ಲಿ ಸಿಗುವ ಪಿಸ್ತೂಲುಗಳಲ್ಲಿ ಬಹುಪಾಲು ಇದೇ ಬಗೆಯವು. ಒತ್ತಿದ್ದು ಬೆರಳೋ, ಅಂಗಿಯ ಅಂಚೋ, ಕೀಲಿ ಗೊಂಚಲೋ ಎಂಬುದು ಟ್ರಿಗರಿಗೆ ಗೊತ್ತಾಗುವುದಿಲ್ಲ. ಆದ್ದರಿಂದ ಹೊರಗಿನ ಸುರಕ್ಷಾ ಗುಂಡಿ ಮಾಡುತ್ತಿದ್ದ ಕೆಲಸವನ್ನು ಈಗ ಹೋಲ್‌ಸ್ಟರ್ ಮಾಡಬೇಕಾಗಿದೆ.

ತರಗತಿಯಲ್ಲಿ ನಾನು ಒಂದು ಪರೀಕ್ಷೆ ಮಾಡಿಸುತ್ತೇನೆ. ಪಿಸ್ತೂಲನ್ನು ಖಾಲಿ ಮಾಡಿ, ಇಬ್ಬರು ಕಣ್ಣಿನಿಂದಲೂ ಬೆರಳಿನಿಂದಲೂ ನೋಡಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬಂದ ಮೇಲೆ, ಆ 15 ಡಾಲರ್‌ನ ಬಟ್ಟೆಯ ಹೋಲ್‌ಸ್ಟರಿನೊಳಗೆ ಪಿಸ್ತೂಲು ಇಡಿಸುತ್ತೇನೆ. ಆಮೇಲೆ ಅದರ ಒಡೆಯರಿಗೇ ಹೇಳುತ್ತೇನೆ, ಹೊರಗಿನಿಂದ ಬೆರಳಿಟ್ಟು ಒತ್ತಿ ನೋಡಿ ಎಂದು. ಬಟ್ಟೆ ಒಳಕ್ಕೆ ಕುಸಿಯುತ್ತದೆ. ಟ್ರಿಗರ್ ಸುತ್ತ ಬಳೆಯಂತಿರುವ ಚೌಕಟ್ಟಿನೊಳಗೆ ಬೆರಳು ಬಟ್ಟೆಯ ಸಮೇತ ಇಳಿಯುತ್ತದೆ. "ಟಕ್" ಎಂಬ ಸಣ್ಣ ಸದ್ದು. ಅಷ್ಟೇ. ಕೋಣೆಯಲ್ಲಿ ಆಮೇಲೆ ಯಾರೂ ಮಾತಾಡುವುದಿಲ್ಲ. ಒಬ್ಬರು, ನಮ್ಮ ದಾವಣಗೆರೆಯ ಕಡೆಯವರು, ಆ ಸದ್ದು ಕೇಳಿದ ಮೇಲೆ ಹೋಲ್‌ಸ್ಟರನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ಅದನ್ನೇ ನೋಡುತ್ತಿದ್ದರು. ಅದನ್ನು ಮೂರು ತಿಂಗಳಿನಿಂದ ತೊಡೆಸಂದಿನ ಮೇಲೆಯೇ ಕಟ್ಟಿಕೊಂಡು, ಎರಡು ವರ್ಷದ ಮಗಳನ್ನು ಎತ್ತಿಕೊಂಡು ಓಡಾಡಿದ್ದರಂತೆ.

ಇದೋ, ಈ ಕಪ್ಪು ಹೋಲ್‌ಸ್ಟರ್ ನೋಡಿ. ಇದು ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್. ಕಾಯಿಸಿದಾಗ ಮೆತ್ತಗಾಗುತ್ತದೆ, ಆಗ ಪಿಸ್ತೂಲಿನ ಅಚ್ಚಿನ ಮೇಲೆ ಒತ್ತಿ ಆಕಾರ ಕೊಡುತ್ತಾರೆ. ಮೊದಲು ಇದನ್ನು ವಿಮಾನದ ಒಳಭಾಗಗಳಿಗೆ ಬಳಸುತ್ತಿದ್ದರು. ಹೊರಗಿನಿಂದ ಎಷ್ಟೇ ಒತ್ತಿದರೂ ಟ್ರಿಗರಿನ ಜಾಗ ಕುಸಿಯುವುದಿಲ್ಲ. ಪಿಸ್ತೂಲು ಒಳಗೆ ಕೂತಾಗ ಚಿಟಿಕೆಯಂಥ ಸದ್ದಾಗುತ್ತದೆ, ತಲೆಕೆಳಗೆ ಮಾಡಿ ಅಲುಗಾಡಿಸಿದರೂ ಬೀಳುವುದಿಲ್ಲ. ಪಿಸ್ತೂಲು ತೆಗೆದ ಮೇಲೂ ಬಾಯಿ ತೆರೆದೇ ಇರುತ್ತದೆ, ಇನ್ನೊಂದು ಕೈಯಿಂದ ಬಿಡಿಸಬೇಕಾಗಿಲ್ಲ. ಚರ್ಮದ್ದು ಮೈಗೆ ಹಿತ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಟೆಕ್ಸಸ್‌ನ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಚರ್ಮಕ್ಕೆ ಅಂಟಿ ಉರಿಸುತ್ತದೆ, ಒಳಗೊಂದು ಬನಿಯನ್ ಬೇಕೇ ಬೇಕು. ಆದರೆ ಚರ್ಮ ಬೆವರು ಕುಡಿದು ವರ್ಷಗಳಲ್ಲಿ ಮೆತ್ತಗಾಗುತ್ತದೆ. ಬಾಯಿಯ ಅಂಚು ಒಳಕ್ಕೆ ಮಡಚಿ, ಪಿಸ್ತೂಲು ಒಳಗಿಡುವಾಗ ಅದೇ ಅಂಚು ಟ್ರಿಗರನ್ನು ಒತ್ತಿ ಗುಂಡು ಹಾರಿದ ಉದಾಹರಣೆಗಳಿವೆ. ಚರ್ಮವೇ ಬೇಕೆನ್ನುವವರು ಬಾಯಿಗೆ ಲೋಹದ ಪಟ್ಟಿ ಹೊಲಿದದ್ದನ್ನು ಕೊಳ್ಳಲಿ, ಮೆತ್ತಗಾದ ದಿನ ಬಿಸಾಡಲಿ.

ಈ ಜರ್ಕಿನ್ ತಂದದ್ದಕ್ಕೂ ಒಂದು ಕಾರಣವಿದೆ. ಕೆಳಗಿನ ಅಂಚಿನಲ್ಲಿ ಒಂದು ದಾರ ಇದೆ, ದಾರದ ತುದಿಯಲ್ಲಿ ಹುಣಸೆಬೀಜದಷ್ಟು ದೊಡ್ಡ ಪ್ಲಾಸ್ಟಿಕ್ ಗುಂಡಿ. ಪಿಸ್ತೂಲನ್ನು ಒಳಗೆ ತಳ್ಳುವಾಗ ಇದು ಟ್ರಿಗರಿನ ಮುಂದೆ ಸಿಕ್ಕಿಕೊಂಡರೆ, ಪಿಸ್ತೂಲು ಕೆಳಗಿಳಿದಂತೆ ಟ್ರಿಗರ್ ಹಿಂದೆ ಸರಿಯುತ್ತದೆ. ನನ್ನ ಜರ್ಕಿನ್ನಿನ ದಾರವನ್ನು ನಾನು ಕತ್ತರಿಸಿದ್ದೇನೆ, ನೋಡಿ, ಒಂದು ಕಡೆಯ ತುಂಡು ಮಾತ್ರ ಉಳಿದಿದೆ. ಪಿಸ್ತೂಲನ್ನು ಹೊರತೆಗೆಯುವಾಗ ಆತುರಕ್ಕೆ ಕಾರಣವಿರಬಹುದು. ಒಳಗಿಡುವಾಗ ಆತುರಪಡಲು ಯಾವ ಕಾರಣವೂ ಇಲ್ಲ. ಅಂಗಿಯನ್ನು ಪೂರ್ತಿ ಮೇಲೆತ್ತಿ, ಹೋಲ್‌ಸ್ಟರಿನ ಬಾಯಿಯನ್ನು ಕಣ್ಣಿನಿಂದ ನೋಡಿ, ಬೆರಳನ್ನು ಟ್ರಿಗರಿನಿಂದ ದೂರ ಚಾಚಿ, ನಿಧಾನವಾಗಿ ಇಳಿಸಬೇಕು. ನಡುವೆ ಏನಾದರೂ ತಡೆದಂತಾದರೆ ಅಲ್ಲೇ ನಿಲ್ಲಿಸಬೇಕು, ಒತ್ತಬಾರದು. ನಾನಂತೂ ಬೆಳಿಗ್ಗೆ ಹೋಲ್‌ಸ್ಟರನ್ನು ಕೈಯಲ್ಲಿ ಹಿಡಿದೇ ಪಿಸ್ತೂಲನ್ನು ಒಳಗೆ ಕೂರಿಸಿ, ಆಮೇಲೆ ಎರಡನ್ನೂ ಒಟ್ಟಿಗೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತೇನೆ. ರಾತ್ರಿಯೂ ಒಟ್ಟಿಗೇ ತೆಗೆಯುತ್ತೇನೆ. ಆಗ ನಳಿಗೆಯ ಬಾಯಿ ನನ್ನ ತೊಡೆಯತ್ತ ತಿರುಗಿರುವಾಗ ಟ್ರಿಗರ್ ಬಯಲಾಗುವ ಗಳಿಗೆಯೇ ಇರುವುದಿಲ್ಲ.

ಹೋಲ್‌ಸ್ಟರ್ ಎಲ್ಲಿ ಕಟ್ಟಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ, ದೇಹ ನೋಡಿ ಹೇಳಬೇಕು. ಹೆಚ್ಚಿನವರು ಪ್ಯಾಂಟಿನ ಒಳಗೆ, ಬಲಗೈಯವರಾದರೆ ಬಲ ಸೊಂಟದ ಮೂಳೆಯ ತುಸು ಹಿಂದೆ ಕಟ್ಟುತ್ತಾರೆ. ಹೊಟ್ಟೆ ಇರುವವರಿಗೆ, ಬೆನ್ನು ನೋವಿನವರಿಗೆ ಅದೇ ಹಿತ, ಆದರೆ ಬಗ್ಗಿದಾಗ ಹಿಂದೆ ಅಂಗಿಯ ಮೇಲೆ ಉಬ್ಬು ಕಾಣುತ್ತದೆ. ತೆಳ್ಳಗಿನವರು ಮುಂದೆ, ಹೊಕ್ಕುಳಿನ ಬಲಕ್ಕೆ ಕಟ್ಟುತ್ತಾರೆ. ಚೆನ್ನಾಗಿ ಅಡಗುತ್ತದೆ, ಕೈಗೆ ಬೇಗ ಸಿಗುತ್ತದೆ. ಆದರೆ ನಳಿಗೆ ತೊಡೆಯ ದೊಡ್ಡ ರಕ್ತನಾಳದತ್ತ ತಿರುಗಿರುತ್ತದೆ ಎಂಬುದನ್ನು ಒಂದು ದಿನವೂ ಮರೆಯಬಾರದು. ಎರಡು ವಿಧಾನವನ್ನೂ ನಿಂತು ನೋಡಿ ನಿರ್ಧರಿಸಬೇಡಿ. ಕಾರಿನಲ್ಲಿ ಕುಳಿತು ಸೀಟ್ ಬೆಲ್ಟ್ ಹಾಕಿ ಅರ್ಧ ಗಂಟೆ ಓಡಿಸಿ ನೋಡಿ.

ಇನ್ನು ಬೆಲ್ಟ್. ಕೊಡವ ಗಂಡಸರ ಉಡುಪಾದ ನಮ್ಮ ಕುಪ್ಯಚೇಲೆ ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದೆ ಪೀಚೆಕತ್ತಿ ಎಂಬ ಕಿರುಗತ್ತಿ, ಬೆನ್ನ ಹಿಂದೆ ತೋಡಂಗ್ ಎಂಬ ಕೊಂಡಿಯಲ್ಲಿ ಒಡಿಕತ್ತಿ ಎಂಬ ಅಗಲವಾದ ಕತ್ತಿ. ಇವೆಲ್ಲದರ ಭಾರ ಹೊರುವುದು ಸೊಂಟಕ್ಕೆ ಬಿಗಿದ ಚೇಲೆ. ಮದುವೆ ಮನೆಯಲ್ಲಿ ಅವಸರದಲ್ಲಿ ಚೇಲೆ ಸಡಿಲ ಕಟ್ಟಿಕೊಂಡ ನನ್ನ ಚಿಕ್ಕಪ್ಪ ಊಟದ ಹೊತ್ತಿಗೆ ಒಂದು ಕೈಯಲ್ಲಿ ಪೀಚೆಕತ್ತಿಯನ್ನು ಹಿಡಿದುಕೊಂಡೇ ಓಡಾಡಬೇಕಾಯಿತು. ಪಿಸ್ತೂಲಿಗೂ ಅಷ್ಟೇ. ತೆಳ್ಳನೆಯ ಆಫೀಸ್ ಬೆಲ್ಟ್ ಜೋಲುತ್ತದೆ, ಹಿಡಿ ಹೊರಕ್ಕೆ ವಾಲುತ್ತದೆ, ಕೈ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ಪಿಸ್ತೂಲು ಇರುವುದನ್ನು ಊರಿಗೆಲ್ಲ ಸಾರುವುದು ಅಂಗಿಯ ಉಬ್ಬಲ್ಲ, ಆ ಕೈ. ಒಂದೂವರೆ ಇಂಚು ಅಗಲದ, ಮಡಚಿದರೆ ಸುಲಭವಾಗಿ ಮಣಿಯದ ಬೆಲ್ಟ್ ಕೊಳ್ಳಿ.

ಈಗ ಪಿಸ್ತೂಲಿಗೆ ಬರುತ್ತೇನೆ. ಸಣ್ಣದಾದಷ್ಟೂ ಸುಲಭ ಎಂಬ ನಂಬಿಕೆ ಎಲ್ಲ ಕಡೆಯೂ ಇದೆ, ಅದು ತಪ್ಪು. ಒಬ್ಬ ತಂಗಿ ತರಗತಿಗೆ ಬಂದಿದ್ದಳು. ಗಂಡ ಹುಟ್ಟುಹಬ್ಬಕ್ಕೆಂದು ಅಂಗೈಯಷ್ಟೇ ಇರುವ, .380 ಅಳತೆಯ ಗುಂಡಿನ ಪುಟ್ಟ ಪಿಸ್ತೂಲು ಕೊಡಿಸಿದ್ದರು. ಅಂಥವುಗಳ ತೂಕ 300 ಗ್ರಾಂಗೂ ಕಡಿಮೆ. ಹಿಡಿಯಲ್ಲಿ ಎರಡೇ ಬೆರಳಿಗೆ ಜಾಗ, ಕಿರುಬೆರಳು ಗಾಳಿಯಲ್ಲಿ. ಮೊದಲ ಗುಂಡಿಗೇ ಅದು ಕೈಯಲ್ಲಿ ಒದ್ದು ತಿರುಗಿತು. ಐದನೆಯ ಗುಂಡಿನ ಹೊತ್ತಿಗೆ ಹೆಬ್ಬೆರಳು-ತೋರುಬೆರಳ ನಡುವಿನ ಚರ್ಮ ಕೆಂಪಾಗಿತ್ತು, ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಕೈ ಒಡೆದುಹೋಗುವಂತೆ ಒದೆಯುವುದು ದೊಡ್ಡ ಪಿಸ್ತೂಲು ಎಂದು ಅವಳು ತಿಳಿದಿದ್ದಳು. ನಿಜ ಬೇರೆ: ಗುಂಡಿನ ಒದೆತವನ್ನು ನುಂಗುವುದು ಪಿಸ್ತೂಲಿನ ತೂಕ. ಹಗುರವಾದದ್ದು ಹೊರಲು ಸುಲಭ, ಹಾರಿಸಲು ಕಷ್ಟ. ನಾನು ನನ್ನ ಗ್ಲಾಕ್ 19 ಅನ್ನು ಅವಳ ಕೈಗಿಟ್ಟೆ. ಖಾಲಿಯಿದ್ದಾಗಲೇ 600 ಗ್ರಾಂ ತೂಗುವ ಪಿಸ್ತೂಲು, 15 ಗುಂಡು ಹಿಡಿಯುತ್ತದೆ. ಮೂರು ಗುಂಡು ಹಾರಿಸಿ "ಅಕ್ಕ, ಇದು ಒದೆಯುವುದೇ ಇಲ್ಲವಲ್ಲ" ಎಂದಳು.

ಹಾಗೆಂದು ಎಲ್ಲರೂ ಗ್ಲಾಕ್ 19 ಕೊಳ್ಳಿ ಎನ್ನುತ್ತಿಲ್ಲ. ಅದರ ಹಿಡಿ ಅನೇಕರ ಅಂಗಿಯಡಿ ಅಡಗುವುದಿಲ್ಲ. ಇಲ್ಲೊಂದು ಗುಟ್ಟಿದೆ: ಪಿಸ್ತೂಲನ್ನು ಬಯಲು ಮಾಡುವುದು ನಳಿಗೆಯ ಉದ್ದವಲ್ಲ, ಹಿಡಿಯ ಉದ್ದ. ನಳಿಗೆ ಪ್ಯಾಂಟಿನೊಳಗೆ ಇಳಿದಿರುತ್ತದೆ. ತುಸು ಉದ್ದವಿದ್ದರೆ ಬುಡ ಭದ್ರವಾಗಿ ಹಿಡಿ ಮೈಗೇ ಒತ್ತಿಕೊಳ್ಳುತ್ತದೆ. ಹೊರಗೆ ಚಾಚಿಕೊಳ್ಳುವುದು ಹಿಡಿಯ ಕೆಳತುದಿ. 2018ರಲ್ಲಿ ಸಿಗ್ ಸಾವರ್ ಕಂಪನಿ ಪಿ365 ಎಂಬ ಪಿಸ್ತೂಲು ತಂದಾಗ ಇಲ್ಲಿನ ಮಾರುಕಟ್ಟೆಯ ಲೆಕ್ಕವೇ ಬದಲಾಯಿತು. ಅದಕ್ಕೆ ಮುಂಚೆ 9 ಎಂಎಂ ಅಳತೆಯ ಗುಂಡಿನ ಅಷ್ಟು ತೆಳ್ಳನೆಯ ಪಿಸ್ತೂಲು ಎಂದರೆ ಆರೇಳು ಗುಂಡು. ಪಿ365 ಸುಮಾರು 500 ಗ್ರಾಂ ತೂಕದಲ್ಲಿ 10 ಗುಂಡು ಹಿಡಿಯಿತು. ಮರುವರ್ಷವೇ ಗ್ಲಾಕ್ 43ಎಕ್ಸ್, ಸ್ಪ್ರಿಂಗ್‌ಫೀಲ್ಡ್ ಹೆಲ್‌ಕ್ಯಾಟ್ ಬಂದವು. ಹೊಸಬರಿಗೆ ನಾನು ತೋರಿಸುವುದು ಈ ಅಳತೆಯವುಗಳನ್ನೇ. ಒಂದೊಂದನ್ನೂ ರೇಂಜಿನಲ್ಲಿ ಬಾಡಿಗೆಗೆ ಪಡೆದು 50 ಗುಂಡು ಹಾರಿಸಿ. ಮೂರು ಬೆರಳೂ ಹಿಡಿಯ ಮೇಲೆ ಕೂರಬೇಕು, ತೋರುಬೆರಳಿನ ಮೊದಲ ಗೆಣ್ಣಿನವರೆಗಿನ ಭಾಗ ಟ್ರಿಗರಿಗೆ ಸಹಜವಾಗಿ ತಲುಪಬೇಕು. ಗುರಿಫಲಕದ ಮೇಲೆ ತೂತುಗಳು ಎಲ್ಲಿ ಸೇರುತ್ತವೆಯೋ ಅದನ್ನು ನಂಬಿ, ಅಂಗಡಿಯವನ ಮಾತನ್ನಲ್ಲ.

"ಸ್ಲೈಡ್ ಎಳೆಯಲು ನನಗೆ ಶಕ್ತಿಯಿಲ್ಲ, ರಿವಾಲ್ವರ್ ಕೊಳ್ಳಲೇ?" ಎಂದು ಹಿಂದಿನ ಸಾಲಿನ ಅಮ್ಮನವರು ಕೇಳುತ್ತಿದ್ದಾರೆ. ಸ್ಲೈಡ್ ಎಂದರೆ ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ; ಗುಂಡನ್ನು ನಳಿಗೆಗೆ ಏರಿಸಲು ಅದನ್ನು ಎಳೆಯಬೇಕು. ಮೊದಲು ಎಳೆಯುವ ಕ್ರಮ ಸರಿಪಡಿಸೋಣ. ನೀವು ಎಡಗೈಯಿಂದ ಸ್ಲೈಡನ್ನು ಹಿಂದಕ್ಕೆ ಎಳೆಯುತ್ತಿದ್ದೀರಿ. ಪಿಸ್ತೂಲನ್ನು ಎದೆಯ ಹತ್ತಿರ ತಂದು, ನಳಿಗೆ ಮುಂದಕ್ಕೇ ಇರಲಿ, ಎಡಗೈಯಲ್ಲಿ ಸ್ಲೈಡನ್ನು ಮುಷ್ಟಿಯಾಗಿ ಹಿಡಿದು ಬಲಗೈಯನ್ನು ಮುಂದಕ್ಕೆ ನೂಕಿ. ಕೊಬ್ಬರಿ ತುರಿಯುವಾಗ ಭುಜದಿಂದ ನೂಕುತ್ತೀರಲ್ಲ, ಹಾಗೆ. ಅರ್ಧಕ್ಕರ್ಧ ಜನರಿಗೆ ಇಷ್ಟರಲ್ಲೇ ಸಾಧ್ಯವಾಗುತ್ತದೆ. ಆಗಲೂ ಆಗದಿದ್ದರೆ ಸ್ಮಿತ್ ಆ್ಯಂಡ್ ವೆಸನ್ ಕಂಪನಿಯ ಶೀಲ್ಡ್ ಈಜೀ ಎಂಬ ಸಡಿಲ ಸ್ಪ್ರಿಂಗಿನ ಪಿಸ್ತೂಲಿದೆ. ಅದೇ ಕಂಪನಿಯ ಐದು ಗುಂಡಿನ ಪುಟ್ಟ ರಿವಾಲ್ವರ್ 1950ರಿಂದ ಬಂದದ್ದು, ಒಳ್ಳೆಯದೇ. ಆದರೆ ಆಗಲೇ ಹೇಳಿದ ಆ 5 ಕಿಲೋ ಟ್ರಿಗರ್ ಅದರಲ್ಲೇ ಇರುವುದು. ಸ್ಲೈಡ್ ಎಳೆಯಲಾಗದ ಕೈಗೆ ಅದೂ ಭಾರವಾಗುತ್ತದೆ.

ಗುಂಡಿನ ಅಳತೆಯ ಜಗಳಕ್ಕೆ ನಾನು ಹೆಚ್ಚು ಹೊತ್ತು ಕೊಡುವುದಿಲ್ಲ. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ಇಬ್ಬರು ಎಫ್‌ಬಿಐ ಅಧಿಕಾರಿಗಳು ಗುಂಡಿನ ಕಾಳಗದಲ್ಲಿ ಸತ್ತ ಮೇಲೆ ಆ ಸಂಸ್ಥೆ ಹೆಚ್ಚು ಬಲದ ಗುಂಡುಗಳನ್ನು ಹುಡುಕಿಕೊಂಡು ಹೋಯಿತು. ಮೂರು ದಶಕದ ನಂತರ 9 ಎಂಎಂಗೇ ಮರಳಿತು, ಏಕೆಂದರೆ ಗುಂಡಿನ ತಯಾರಿಕೆ ಅಷ್ಟರಲ್ಲಿ ಸುಧಾರಿಸಿತ್ತು, ಒದೆತ ಕಡಿಮೆಯಾದರೆ ಗುರಿ ಸರಿಯಾಗುತ್ತಿತ್ತು. 9 ಎಂಎಂ ಸಾಕು. ಮೈಮೇಲೆ ಒಯ್ಯುವಾಗ ತುದಿಯಲ್ಲಿ ಕುಳಿ ಇರುವ ಗುಂಡು ಬಳಸಿ; ಅದು ಒಳಹೊಕ್ಕು ಅರಳಿ ನಿಲ್ಲುವುದರಿಂದ ಹಿಂದಿದ್ದವರಿಗೆ ತಾಗುವ ಭಯ ಕಡಿಮೆ.

ಹೆಣ್ಣುಮಕ್ಕಳ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಅಂಗಡಿಯವರು ಇದಕ್ಕೆ ಕೊಡುವ ಉತ್ತರ ನನಗೆ ಸಿಟ್ಟು ತರಿಸುತ್ತದೆ. "ನಿಮ್ಮ ಬಟ್ಟೆಗೆ ಬೆಲ್ಟ್ ಇಲ್ಲ, ಆದ್ದರಿಂದ ಈ ಕೈಚೀಲ ತೆಗೆದುಕೊಳ್ಳಿ" ಎಂದು ಪಿಸ್ತೂಲಿಗೆಂದೇ ಖಾನೆಯಿರುವ ಚೀಲ ತೋರಿಸುತ್ತಾರೆ. ಚೀಲವನ್ನು ನಾವು ಎಲ್ಲೆಲ್ಲಿ ಇಡುತ್ತೇವೆ? ಶಾಪಿಂಗ್ ಗಾಡಿಯ ಮೇಲೆ, ಗೆಳತಿಯ ಮನೆಯ ಸೋಫಾದ ಮೇಲೆ, ಕಾರಿನ ಹಿಂದಿನ ಸೀಟಿನಲ್ಲಿ ಮಗುವಿನ ಪಕ್ಕ. 2014ರ ಡಿಸೆಂಬರ್ ಕೊನೆಯಲ್ಲಿ ಐಡಾಹೊ ರಾಜ್ಯದ ಒಂದು ದೊಡ್ಡ ಅಂಗಡಿಯಲ್ಲಿ, ಗಾಡಿಯಲ್ಲಿ ಕುಳಿತಿದ್ದ ಎರಡು ವರ್ಷದ ಮಗು ಅಂಥದೇ ಚೀಲದಿಂದ ಪಿಸ್ತೂಲು ಎಳೆಯಿತು. ತಾಯಿ ಅಲ್ಲೇ ಸತ್ತರು. ಆಕೆಗೆ ಪರವಾನಗಿ ಇತ್ತು, ತರಬೇತಿ ಇತ್ತು. ಇಲ್ಲದಿದ್ದದ್ದು ಪಿಸ್ತೂಲಿಗೂ ಮೈಗೂ ನಡುವಿನ ನಂಟು. ನಾನು ಚೀಲದಲ್ಲಿ ಒಯ್ಯುವುದನ್ನು ಕಲಿಸುವುದಿಲ್ಲ, ಎಷ್ಟು ಕೇಳಿದರೂ ಇಲ್ಲ.

ಚೂಡಿದಾರದ ಮೇಲೆ ಸಾಧ್ಯ. ಹೊಟ್ಟೆಯ ಸುತ್ತ ಕಟ್ಟುವ ಅಗಲವಾದ ಪಟ್ಟಿಗಳು ಬರುತ್ತವೆ, ಆದರೆ ಬರಿಯ ಹಿಗ್ಗುವ ಬಟ್ಟೆಯದು ಬೇಡ. ಟ್ರಿಗರ್ ಮುಚ್ಚುವ ಗಟ್ಟಿ ಚಿಪ್ಪು ಒಳಗೆ ಕೂತಿರುವುದನ್ನೇ ಕೊಳ್ಳಿ, ಆಗಲೇ ಹೇಳಿದ ಬೆರಳಿನ ಪರೀಕ್ಷೆಯನ್ನು ಅದರ ಮೇಲೂ ಮಾಡಿ. ಸೀರೆಯ ಮೇಲೆ? ನಾನು ಎರಡು ಸಲ ಮನೆಯಲ್ಲಿ ಖಾಲಿ ಪಿಸ್ತೂಲಿನೊಂದಿಗೆ ಪ್ರಯತ್ನಿಸಿದೆ. ಲಂಗದ ದಾರ ಅದರ ಭಾರ ಹೊರುವುದಿಲ್ಲ, ನೆರಿಗೆಯ ಅಡಿಯಲ್ಲಿಟ್ಟದ್ದು ಬೇಕಾದಾಗ ಕೈಗೆ ಸಿಗುವುದಿಲ್ಲ. ಸೀರೆ ಉಟ್ಟ ದಿನ ಪಿಸ್ತೂಲು ಮನೆಯಲ್ಲಿರಲಿ.

ಮನೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಹೊರಗಿನ ಕಳ್ಳನಿಗೆ ಹೆದರಿ ಕೊಂಡ ಪಿಸ್ತೂಲು ಒಳಗಿನವರ ಕೈಗೆ ಸಿಗುತ್ತದೆ. ಕೆಲಸ ಕಳೆದುಕೊಂಡವರು, ಪರೀಕ್ಷೆಯಲ್ಲಿ ಸೋತ ಮಕ್ಕಳು ನಮ್ಮ ಮನೆಗಳಲ್ಲೂ ಇದ್ದಾರೆ. ಮನೆಯಲ್ಲಿ ಯಾರಿಗಾದರೂ ಮನಸ್ಸು ಕುಗ್ಗಿದ ಕಾಲ ಎನ್ನಿಸಿದರೆ ಪಿಸ್ತೂಲನ್ನು ಕಾನೂನಿನ ಮಿತಿಯಲ್ಲಿ ಬೇರೆ ಕಡೆ ಇರಿಸಿ. ಇಲ್ಲಿನ ಸಹಾಯವಾಣಿ 988ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಮಾತಾಡುವವರಿದ್ದಾರೆ. ಉಳಿದ ದಿನಗಳಲ್ಲಿ, ಮೈಮೇಲೆ ಇಲ್ಲದಾಗ ಬೀಗ ಹಾಕಿದ ಪೆಟ್ಟಿಗೆಯಲ್ಲೇ ಇರಬೇಕು. ದಿಂಬಿನ ಕೆಳಗೆ, ಬೀರುವಿನ ಸೀರೆಗಳ ನಡುವೆ, ಫ್ರಿಜ್ಜಿನ ಮೇಲೆ ಎಂಬುದೆಲ್ಲ ಅಡಗಿಸುವುದಲ್ಲ. ಮಕ್ಕಳಿಗೆ ನಮ್ಮ ಮನೆಯ ಎಲ್ಲ ಮೂಲೆಯೂ ಗೊತ್ತು. ಮಗುವಿನ ಕೈಗೆ ಸಿಗುವಂತೆ ಬಿಟ್ಟರೆ ಟೆಕ್ಸಸ್ ಕಾನೂನಿನಲ್ಲೂ ಅದು ಅಪರಾಧ.

ಊರಿಗೆ ಹೋಗುವವರಿಗೊಂದು ಮಾತು, ದಯವಿಟ್ಟು ಇದನ್ನು ಬರೆದಿಟ್ಟುಕೊಳ್ಳಿ. ರೇಂಜಿಗೆ ಒಯ್ದ ಚೀಲವನ್ನು ಎಂದೂ ವಿಮಾನಕ್ಕೆ ಒಯ್ಯಬೇಡಿ. ಇಲ್ಲಿನ ವಿಮಾನ ನಿಲ್ದಾಣಗಳ ತಪಾಸಣೆಯಲ್ಲಿ 2022 ಮತ್ತು 2023ರಲ್ಲಿ ವರ್ಷಕ್ಕೆ 6,500ಕ್ಕೂ ಹೆಚ್ಚು ಬಂದೂಕುಗಳು ಸಿಕ್ಕಿವೆ, ಅವುಗಳಲ್ಲಿ ಹೆಚ್ಚಿನವು ಗುಂಡು ತುಂಬಿದವು. "ಮರೆತಿದ್ದೆ" ಎಂಬುದು ಸಾಮಾನ್ಯ ಉತ್ತರ. ಆದರೆ ಬೆಂಗಳೂರಿನಲ್ಲಿ ಇಳಿದಾಗಲೋ ಮರಳುವಾಗಲೋ ಚೀಲದ ಮೂಲೆಯಲ್ಲಿ ಒಂದೇ ಒಂದು ಗುಂಡು ಸಿಕ್ಕರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಮೊಕದ್ದಮೆ ಹೂಡಬಹುದು. ಗೊತ್ತಿಲ್ಲದೆ ಉಳಿದದ್ದು ಎಂದು ಆಮೇಲೆ ನ್ಯಾಯಾಲಯ ಒಪ್ಪಬಹುದು, ಅಷ್ಟರಲ್ಲಿ ನಿಮ್ಮ ರಜೆ, ಕೆಲಸ, ಪಾಸ್‌ಪೋರ್ಟ್ ಎಲ್ಲವೂ ಸಿಕ್ಕಿಬಿದ್ದಿರುತ್ತವೆ. ನನ್ನ ರೇಂಜಿನ ಚೀಲ ಕಿತ್ತಳೆ ಬಣ್ಣದ್ದು; ಮನೆಯಲ್ಲಿ ಆ ಬಣ್ಣದ ಇನ್ನೊಂದು ಚೀಲ ಇಲ್ಲ.

ಮೈಸೂರಿನಿಂದ ಮಗಳ ಮನೆಗೆ ಬಂದಿರುವ ಹಿರಿಯರೊಬ್ಬರು ಕೇಳಿದರು: "ಇಷ್ಟೆಲ್ಲ ಹೇಳುತ್ತೀಯಲ್ಲಮ್ಮ, ನೀನು ದಿನವೂ ಕಟ್ಟಿಕೊಂಡೇ ಓಡಾಡುತ್ತೀಯಾ?" ಇಲ್ಲ ಅಜ್ಜಿ. ಮಕ್ಕಳ ಶಾಲೆಗೆ, ಮತಗಟ್ಟೆಗೆ, ನ್ಯಾಯಾಲಯಕ್ಕೆ ಒಯ್ಯುವಂತಿಲ್ಲ. ಆ ದಿನಗಳಲ್ಲಿ ಮನೆಯಲ್ಲೇ ಬಿಡುತ್ತೇನೆ. ನಡುದಾರಿಯಲ್ಲಿ ಬಿಡಬೇಕಾಗಿ ಬಂದರೆ ಕಾರಿನ ಸೀಟಿನ ಚೌಕಟ್ಟಿಗೆ ಉಕ್ಕಿನ ತಂತಿಯಿಂದ ಬಿಗಿದ ಸಣ್ಣ ಪೆಟ್ಟಿಗೆಯಿದೆ, ಹೋಲ್‌ಸ್ಟರಿನ ಸಮೇತ ಅದರೊಳಗೆ ಇಟ್ಟು ಬೀಗ ಹಾಕುತ್ತೇನೆ. ಕಾರಿನ ಕಪಾಟಿನಲ್ಲಿ ಬಿಟ್ಟ ಪಿಸ್ತೂಲು ಕಳ್ಳರ ಪಾಲಾಗಿ ಊರಿನ ಇನ್ನಾರದೋ ಮನೆಗೆ ಕೇಡಾಗುವುದು ನನಗೆ ಬೇಡ.

ಹೊಸದಾಗಿ ಕೊಂಡವರು ಮೊದಲ ಎರಡು ವಾರ ಖಾಲಿ ಪಿಸ್ತೂಲನ್ನು ಹೋಲ್‌ಸ್ಟರಿನಲ್ಲಿಟ್ಟು ಮನೆಯೊಳಗೇ ಓಡಾಡಿ. ಕೂರಿ, ಏಳಿ, ಬಗ್ಗಿ, ಪಾತ್ರೆ ತೊಳೆಯಿರಿ. ಚುಚ್ಚಿದ ಜಾಗ, ಜಾರಿದ ಜಾಗ ಆಗ ಗೊತ್ತಾಗುತ್ತದೆ. ಸಂಜೆ ಟ್ರಿಗರ್ ಒಂದು ಸಲವೂ ಒತ್ತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಗುಂಡಿನ ಮಾತು.

ಆ ಯುವಕರ ಪ್ರಶ್ನೆಗೆ ಈಗ ಉತ್ತರ. ಒಳಗೆ ಬರುವಾಗ ಬಾಗಿಲಿನ ಪಕ್ಕದ ಫಲಕ ಓದಿದಿರಾ? ಇಂಗ್ಲಿಷ್ ಮತ್ತು ಸ್ಪ್ಯಾನಿಷ್‌ನಲ್ಲಿ, ಒಂದಿಂಚು ಎತ್ತರದ ಅಕ್ಷರಗಳಲ್ಲಿ 30.06 ಎಂಬ ಕಾನೂನಿನ ಮಾತುಗಳಿವೆ. ಪರವಾನಗಿ ಇದ್ದವರೂ ಪಿಸ್ತೂಲನ್ನು ಮರೆಯಲ್ಲಿಟ್ಟುಕೊಂಡು ಈ ಕಟ್ಟಡದೊಳಗೆ ಬರುವಂತಿಲ್ಲ ಎಂದು ಅದರ ಅರ್ಥ. ನಮ್ಮ ದೇವಸ್ಥಾನಗಳಲ್ಲಿ ಆ ಫಲಕ ಇದೆಯೇ ಎಂದು ಮುಂದಿನ ವಾರ ನೋಡಿ. ಆದ್ದರಿಂದ ನನ್ನದು ಬೆಳಿಗ್ಗೆ ಎಂಟು ಗಂಟೆಯಿಂದ ಮನೆಯ ಪೆಟ್ಟಿಗೆಯಲ್ಲಿದೆ.

ಇನ್ನು ಮುಂದೆ ಬನ್ನಿ, ಒಂದೊಂದನ್ನೂ ಕೈಗೆತ್ತಿಕೊಳ್ಳಿ. ಹೊರಗಿನಿಂದ ಬೆರಳಿಟ್ಟು ಒತ್ತಿ ನೋಡಿ. ಎಡತುದಿಯಲ್ಲಿರುವುದು ಆ ಬಟ್ಟೆಯ ಹೋಲ್‌ಸ್ಟರ್, ಅದರಿಂದ ಶುರುಮಾಡಿ.